ಊರು ಬಿಟ್ಟು ನಡೆದ ಕಂಬಗಳು

ಬೆಟ್ಟ ಇಲ್ಲದ, ಕಾಡು ಕಣ್ಣಿಗೆ ಬೀಳದ ಒಂದು ಬಯಲು. ಆ ಬಯಲಿನಲ್ಲಿ ಒಂದೂರು ಇತ್ತಂತೆ. ಊರಿಗೊಂದು ಕೆರೆ, ಕೆರೆಗೊಂದು ಏರಿ, ಏರಿಯ ಆಚೆ ಒಬ್ಬ ರಾಜ, ರಾಜನಿಗೊಂದು ಅರಮನೆ. ಆ ಅರಮನೆಗೆ ಎಷ್ಟು ಕಂಬ ಅಂತ ಮಾತ್ರ ಯಾರೂ ಎಣಿಸಿರಲಿಲ್ಲವಂತೆ.

ಊರಿನ ಮನೆಗಳನ್ನು ಮಾತ್ರ ಎಲ್ಲರೂ ಎಣಿಸುತ್ತಿದ್ದರು. ಅಲ್ಲಿ ಮನೆಯನ್ನು ಮೊಳದಲ್ಲಿ ಅಳೆಯುವ ರೂಢಿ ಇರಲಿಲ್ಲ, ಅಂಕಣದಲ್ಲಿ ಅಳೆಯುತ್ತಿದ್ದರು. ಒಂದು ಕಂಬದಿಂದ ಇನ್ನೊಂದು ಕಂಬದವರೆಗಿನ ಜಾಗ ಒಂದಂಕಣ. ಹೆಣ್ಣು ಕೊಡಲು ಬಂದವರು ಎಷ್ಟಂಕಣದ ಮನೆ ಅಂತ ಕೇಳಿಕೊಂಡೇ ನೀರು ಕುಡಿಯುತ್ತಿದ್ದರಂತೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಚೌಳುಮಣ್ಣು. ಹೀಗೆ ಮಣ್ಣಿನ ಸೂರು, ಅದೇ ಮಾಳಿಗೆ. ಪ್ರತಿ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹೊತ್ತು ಹಾಕುವುದು ಗೊತ್ತೇ ಹೊರತು ಹಳೆಯದನ್ನು ತೆಗೆಯುವುದು ಆ ಊರಿಗೆ ಗೊತ್ತಿಲ್ಲ. ಅಜ್ಜನ ಮಣ್ಣಿನ ಮೇಲೆ ಅಪ್ಪನ ಮಣ್ಣು, ಅಪ್ಪನ ಮಣ್ಣಿನ ಮೇಲೆ ಮಗನ ಮಣ್ಣು.

ಮನೆ ಕಟ್ಟುವಾಗ ಮೊದಲು ನಿಲ್ಲಿಸುವ ಕಂಬಕ್ಕೆ ಹಿರಿಗಂಬ ಅಂತ ಹೆಸರು. ಅದಕ್ಕೆ ಅರಿಸಿನದ ಬಟ್ಟೆ ಸುತ್ತಿ, ಕಾಲಿಗೆ ನೀರು ಎರೆದು, ಮನೆಯ ಹಿರಿಯನನ್ನು ಒಳಗೆ ಕರೆಯುವ ಹಾಗೆ ಕರೆದು ನಿಲ್ಲಿಸುತ್ತಿದ್ದರು. ಆಮೇಲೆ ಅದು ಕಂಬವಲ್ಲ, ಮನೆಯ ಹಿರಿಯ. ಮಗು ಹುಟ್ಟಿದರೆ ಮೊದಲು ಅದರ ಬುಡದಲ್ಲಿ ಮಲಗಿಸಬೇಕು. ಬಂದ ಸೊಸೆಯರು ಅದನ್ನು ಮಾವಯ್ಯ ಅಂತ ಕರೆಯಬೇಕು, ಅದರ ಮುಂದೆ ಹಾದು ಹೋಗುವಾಗ ತಲೆಯ ಮೇಲೆ ಸೆರಗು ಹೊದೆಯಬೇಕು.

ಹೀಗೆ ಸೆರಗು ಹೊದ್ದು ಹೊದ್ದು ಕೂದಲು ನರೆತವಳು ಕೆಂಚವ್ವ. ಗಂಡ ತೀರಿಕೊಂಡಿದ್ದ. ಇದ್ದದ್ದು ನಾಲ್ಕಂಕಣದ ಮನೆ, ಒಂದು ಎಮ್ಮೆ, ಅದರ ಕರು, ಆಚೆಯ ಊರಿಗೆ ಕೊಟ್ಟ ಒಬ್ಬಳೇ ಮಗಳು ಹೊನ್ನವ್ವ. ಆ ವರ್ಷ ಹೊನ್ನವ್ವ ತುಂಬಿದ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ? ಕೆಂಚವ್ವ ನಡುಮನೆಯ ಮೂಲೆಯನ್ನು ಸಾರಿಸಿ, ಹೊರಸಿಗೆ ಹೊಸ ಹುರಿ ಕಟ್ಟಿ, ನವಣೆ ಹಸನು ಮಾಡಿ ಮಡಕೆಗೆ ತುಂಬಿ ಮಗಳ ದಾರಿ ಕಾಯುತ್ತಿದ್ದಳಂತೆ.

ಆ ಊರಿನಲ್ಲಿ ಮನೆ ಅಂತ ಇದ್ದವರೆಲ್ಲ ವರ್ಷಕ್ಕೊಮ್ಮೆ ಅರಮನೆಗೆ ಒಂದು ಮೊರ ಕಾಳು ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಗುಡಿಸಲಿಗೂ ಒಂದು ಮೊರ, ದೊಡ್ಡ ಮನೆಗೂ ಒಂದು ಮೊರ. ಆ ಕಾಳಿನಿಂದ ಕೆರೆಯ ಏರಿಗೆ ಮಣ್ಣು ಬೀಳುತ್ತಿತ್ತು, ಬಂಡಿದಾರಿ ಸರಿಯಾಗುತ್ತಿತ್ತು, ಊರ ಕಾವಲುಗಾರನ ಹೊಟ್ಟೆ ತುಂಬುತ್ತಿತ್ತು. ಯಾರೂ ಏಕೆ ಅಂತ ಕೇಳಿರಲಿಲ್ಲ. ರಾಜನೂ ಹೇಳಿರಲಿಲ್ಲ.

ಅರಮನೆಗೆ ಒಬ್ಬ ಹೊಸ ಪಾರುಪತ್ಯಗಾರ ಬಂದ. ಕೈಯಲ್ಲಿ ಸದಾ ಒಂದು ಬೆತ್ತ ಇರುತ್ತಿದ್ದುದರಿಂದ ಜನ ಅವನನ್ನು ಬೆತ್ತದಯ್ಯ ಅನ್ನುತ್ತಿದ್ದರು. ಕೆಟ್ಟವನಲ್ಲ, ನ್ಯಾಯವಂತನೇ. ಅವನು ರಾಜನಿಗೆ ಹೇಳಿದನಂತೆ: ದೊಡ್ಡ ಮನೆಯ ಈರಭದ್ರಪ್ಪನೂ ಒಂದೇ ಮೊರ, ಮೂಲೆಯ ಕೆಂಚವ್ವನೂ ಒಂದೇ ಮೊರ, ಇದು ಯಾವ ಲೆಕ್ಕ? ಮನೆ ಎಷ್ಟು ದೊಡ್ಡದೋ ತೆರಿಗೆ ಅಷ್ಟಿರಲಿ. ಅಂಕಣಕ್ಕೊಂದು ಮೊರ. ರಾಜನಿಗೆ ಸರಿ ಅನ್ನಿಸಿತು. ಊರಲ್ಲಿ ಡಂಗುರ ಹೊಡೆಸಿದರು. ಕೊಡದವರ ಬಾಗಿಲಿಗೆ ಮುಳ್ಳುಕಂಟಿ ಹೇರುವುದು, ಕೊಟ್ಟ ಮೇಲೆ ತೆಗೆಯುವುದು, ಇದೂ ಅದರಲ್ಲೇ ಸೇರಿತ್ತು.

ಜನರೂ ಮೊದಲು ಸರಿ ಅಂದರು. ದೊಡ್ಡವರು ಹೆಚ್ಚು ಕೊಡಲಿ ಅನ್ನುವ ಮಾತು ಯಾರಿಗೆ ಹಿಡಿಸುವುದಿಲ್ಲ? ಮನೆಗೆ ಹೋಗಿ ತಲೆಯೆತ್ತಿ ತಮ್ಮ ತಮ್ಮ ಕಂಬ ಎಣಿಸಿದ ಮೇಲೆ ಒಬ್ಬೊಬ್ಬರ ಮುಖ ಒಂದೊಂದು ಥರ ಆಯಿತಂತೆ.

ಕೆಂಚವ್ವ ಎಣಿಸಲೇ ಬೇಕಾಗಿರಲಿಲ್ಲ. ಮಡಕೆಯಲ್ಲಿದ್ದ ನವಣೆ ಬಾಣಂತನಕ್ಕೆ ಇಟ್ಟದ್ದು. ನಾಲ್ಕು ಮೊರ ಅರಮನೆಗೆ ಹೋದರೆ ಮಗಳ ತಟ್ಟೆಗೆ ಏನೂ ಉಳಿಯುವುದಿಲ್ಲ. ಮಗಳಿಗೆ ಉಳಿಸಿಕೊಂಡರೆ ಬಾಗಿಲಿಗೆ ಮುಳ್ಳು. ಹೊಟ್ಟೆ ಹೊತ್ತು ಬಂದ ಮಗಳು ತವರಿನ ಹೊಸ್ತಿಲ ಮುಂದೆ ಮುಳ್ಳು ನೋಡಿಕೊಂಡು ನಿಲ್ಲುವುದನ್ನು ಅವಳ ಮನಸ್ಸು ಮತ್ತೆ ಮತ್ತೆ ಕಂಡಿತು. ಮೂರೇ ಮೊರವಾಗಿದ್ದರೆ ಹೇಗೋ ಆಗುತ್ತಿತ್ತು. ಆ ಒಂದು ಮೊರವೇ ಅವಳ ಗಂಟಲಲ್ಲಿ ನಿಂತದ್ದು.

ಅಷ್ಟರಲ್ಲಿ ದೊಡ್ಡ ಮನೆಯ ಈರಭದ್ರಪ್ಪ ಒಂದು ದಾರಿ ಹುಡುಕಿದ. ಅಂಕಣ ಅಂದರೆ ಕಂಬದಿಂದ ಕಂಬಕ್ಕೆ ತಾನೆ? ನಡುವಿನ ಕಂಬ ಒಂದನ್ನು ತೆಗೆದರೆ ಎರಡಂಕಣ ಒಂದಾಗುತ್ತದೆ. ಬಡಗಿಯನ್ನು ಕರೆಸಿ ಪಡಸಾಲೆಯ ಒಂದು ಸಾಲು ಕಂಬವನ್ನೇ ತೆಗೆಸಿಬಿಟ್ಟ. ಬೇಸಿಗೆ ಕಾಲ. ಮಾಳಿಗೆಯ ಮಣ್ಣು ಒಣಗಿ ಬಂಡೆಯ ಹಾಗೆ ಕಚ್ಚಿಕೊಂಡಿತ್ತು. ಕಂಬ ಹೋದರೂ ಮಾಳಿಗೆ ಕದಲಲಿಲ್ಲ. ಈರಭದ್ರಪ್ಪ ಎದೆ ಸೆಟೆಸಿ ಪಡಸಾಲೆಯ ನಡುವೆ ನಿಂತು, ಇಷ್ಟು ತಲೆಮಾರು ಇವು ಸುಮ್ಮನೆ ನಿಂತಿದ್ದವು ನೋಡಿ, ಅಂದನಂತೆ.

ಆಮೇಲೆ ಕೇಳಬೇಕೆ? ಬೀದಿಗೊಬ್ಬ ಬಡಗಿ ಸಾಲದೇ ಹೋದ. ಸಣ್ಣ ಮನೆಗಳಲ್ಲಿ ಉಳಿದ ಕಂಬಗಳು ಗೋಡೆಯೊಳಗೆ ಹುದುಗಿರುತ್ತಿದ್ದವು, ಅವನ್ನು ಕಿತ್ತರೆ ಗೋಡೆಯೇ ಬರುತ್ತದೆ. ಬಯಲಿಗಿದ್ದದ್ದು ಹಿರಿಗಂಬ ಒಂದೇ. ಹಾಗಾಗಿ ಎಲ್ಲರೂ ಹಿರಿಗಂಬವನ್ನೇ ತೆಗೆದರು. ಅರಿಸಿನದ ಬಟ್ಟೆ ಬಿಚ್ಚಿದರು, ಹಗ್ಗ ಬಿಗಿದರು, ಎಳೆದು ಬೀದಿಗೆ ಹಾಕಿದರು. ಮನೆ ಮನೆಯ ಮುಂದೆ ಒಂದೊಂದು ಕಂಬ ಮಲಗಿತು. ನಾಯಿಗಳು ಮೂಸಿ ನೋಡಿ ದೂರ ಹೋದವಂತೆ.

ಪಕ್ಕದ ಮನೆಯ ಸಂಕವ್ವ ಸೊಂಟಕ್ಕೆ ಕೈಯಿಟ್ಟು ಬಂದಳು. ಅವಳ ಬಾಯಿಗೆ ಊರೇ ಹೆದರುತ್ತಿತ್ತು.

"ನಮ್ಮ ಮಾವಯ್ಯನ್ನ ಬೀದಿಗೆ ಹಾಕ್ದೆ ಕಣಕ್ಕ. ಬದುಕಿದ್ದಾಗ ಆ ಮುದುಕನ್ನ ಹಾಕೋಕಾಗಲಿಲ್ಲ, ಈ ಕಟ್ಟಿಗೆ ಮಾವನ್ನಾದರೂ ಹಾಕಿದೆ. ಸೆರಗು ಹೊದೆಯೋ ಕೆಲಸ ತಪ್ಪಿತು. ನೀನು ಯಾವಾಗ?"

ಕೆಂಚವ್ವ ನಕ್ಕಳು, ಆದರೆ ನಗು ಪೂರ್ತಿ ಆಗಲಿಲ್ಲ. ಮಗಳ ಮುಖ ನೆನೆದು ಬಡಗಿಗೆ ನಾಳೆ ಬಾ ಅಂತ ಹೇಳಿ ಕಳಿಸಿದಳಂತೆ.

ಹೇಳಿ ಕಳಿಸಿದ ಮೇಲೆ ಮನಸ್ಸು ತಡೆಯಲಿಲ್ಲ. ಹೊರಡುವ ಹಿರಿಯನಿಗೆ ಒಂದು ಮಾತು ಹೇಳದೆ ಕಳಿಸುವುದು ಹೇಗೆ? ಮಧ್ಯಾಹ್ನದ ಬಿಸಿಲು ಬೆಳಕಿಂಡಿಯಿಂದ ಇಳಿದು ನೆಲದ ಮೇಲೆ ಬಿದ್ದಿತ್ತು. ತಲೆಗೆ ಸೆರಗು ಹೊದ್ದು, ಒಂದು ತಂಬಿಗೆ ನೀರು ತಂದು, ಕಂಬದ ಬುಡದ ಕಲ್ಲಿಗೆ ಮೆಲ್ಲಗೆ ಎರೆದಳು. ಮದುವೆಯಾಗಿ ಬಂದ ದಿನವೂ ಹೀಗೆಯೇ ಎರೆದಿದ್ದಳು.

"ಮಾವಯ್ಯ, ನಾಳೆ ಬಡಗಿ ಬರ್ತಾನೆ. ನಿಮ್ಮ ಮೊಮ್ಮಗಳ ಸಲುವಾಗಿ ನೀವು ಹೊರಡಬೇಕು. ತಪ್ಪು ತಿಳೀಬೇಡಿ."

ಮನೆ ಸುಮ್ಮನಿತ್ತು. ಹಿತ್ತಿಲಲ್ಲಿ ಎಮ್ಮೆ ಮೆಲುಕು ಹಾಕುವುದು ಕೇಳುತ್ತಿತ್ತು. ಅದೂ ನಿಂತಿತಂತೆ. ಆಗ ತೊಲೆಯೂ ಕಂಬವೂ ಸೇರುವ ಕಡೆಯಿಂದ, ಹಳೆಯ ಬಾಗಿಲು ತೆರೆದ ಹಾಗೆ, ಒಂದು ದನಿ ಬಂತು.

"ಹೊರಡು ಅಂದರೆ ಹೊರಡ್ತೀನಿ ಮಗಳೇ. ಹೊತ್ತದ್ದನ್ನ ಯಾರ ಕೈಗೆ ಕೊಟ್ಟು ಹೋಗಲಿ?"

ಕೆಂಚವ್ವನ ಕೈಯ ತಂಬಿಗೆ ಕೆಳಗೆ ಬೀಳಲಿಲ್ಲ. ಅಷ್ಟು ವರ್ಷ ಸೆರಗು ಹೊದ್ದವಳಿಗೆ ಆ ಹಿರಿಯ ಮಾತಾಡಿದ್ದು ಬೆರಗಾಯಿತೇ ಹೊರತು ಭಯವಾಗಲಿಲ್ಲ. ನೆಲ ನೋಡಿಕೊಂಡೇ, ನನ್ನ ಕೈಗೆ ಕೊಡಿ ಅಂದಳು.

"ಕೈಗೆ ತಾಳೋದಲ್ಲ ಇದು. ತಲೆ ಕೊಡು."

ಕೆಂಚವ್ವ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಕಣ್ಣು ಮುಚ್ಚಿದಳು. ನೆತ್ತಿಯ ಮೇಲೆ ಏನೋ ಇಳಿಯಿತು. ಮೊದಲು ಇಳಿದದ್ದು ಜಂತೆ. ಅದರ ಹಿಂದೆ ಅವಳ ಗಂಡ ಹೋದ ಮಳೆಗಾಲಕ್ಕೂ ಮುಂಚೆ ಹೊತ್ತು ಹಾಕಿದ ಮಣ್ಣು. ಅದು ಅವನ ಬೆವರಿನ ವಾಸನೆಯ ಸಮೇತ ಇಳಿಯಿತು. ಅದರ ಹಿಂದೆ ಅವಳ ಮಾವನ ಮಣ್ಣು, ಮಾವನ ಅಪ್ಪನ ಮಣ್ಣು, ಹೆಸರೇ ಗೊತ್ತಿಲ್ಲದವರ ಮಣ್ಣು. ಆ ಮಾಳಿಗೆಯ ಮೇಲೆ ಒಣಹಾಕಿದ ಎಷ್ಟೋ ಸುಗ್ಗಿಯ ಕಾಳು, ಅದರ ಮೇಲೆ ಆಡಿದ ಮಕ್ಕಳ ಹೆಜ್ಜೆ, ಬಿದ್ದ ಮಳೆ. ಎಲ್ಲವೂ ಇಳಿಯಿತು. ಇಷ್ಟೇ ಇರಬೇಕು ಅಂದುಕೊಂಡಳಂತೆ. ಇಷ್ಟೇ ಇರಲಿಲ್ಲ.

ಮಾಳಿಗೆಯ ಆಚೆ ಇನ್ನೊಂದು ಇತ್ತು. ಅದಕ್ಕೆ ಅಂಚೇ ಇರಲಿಲ್ಲ. ಅದು ಬೀದಿಯ ಉದ್ದಕ್ಕೂ ಹರಡಿ, ಬಾವಿಕಟ್ಟೆ ದಾಟಿ, ಕೆರೆಯವರೆಗೆ ಹೋಗಿತ್ತು. ಏರಿಗೆ ಒರಗಿ ನಿಂತ ಅಷ್ಟೂ ನೀರು ಅದರಲ್ಲಿತ್ತು. ಕಾವಲುಗಾರನ ಕೂಗು ಅದರಲ್ಲಿತ್ತು. ಮಗಳು ಬರಬೇಕಾದ ಬಂಡಿದಾರಿ ಅದರಲ್ಲಿತ್ತು. ಕೆಂಚವ್ವ ಒಂದು ಉಸಿರು ತಡೆದಳು, ಎರಡನೇ ಉಸಿರು ಬರಲಿಲ್ಲ. ಅಷ್ಟರಲ್ಲಿ ಕಂಬ ಭಾರವನ್ನು ಹಿಂದಕ್ಕೆ ತೆಗೆದುಕೊಂಡಿತು.

ಅವಳು ಬುಡದಲ್ಲೇ ಕುಳಿತುಬಿಟ್ಟಳು. ಉಸಿರು ತಿರುಗಿದ ಮೇಲೆ ಕೇಳಿದಳು.

"ಮಾಳಿಗೆಯ ಮೇಲೆ ಇನ್ನೊಂದಿತ್ತಲ್ಲ ಮಾವಯ್ಯ, ಅದೇನು?"

"ಅದು ಊರು. ಮನೆ ಹೊತ್ತವರು ಅದನ್ನೂ ಒಂದಿಷ್ಟು ಹೊತ್ತಿರ್ತಾರೆ."

ಇಷ್ಟು ಹೇಳಿ ಕಂಬ ಸುಮ್ಮನಾಯಿತು. ಹಿತ್ತಿಲಲ್ಲಿ ಎಮ್ಮೆ ಮತ್ತೆ ಮೆಲುಕು ಹಾಕತೊಡಗಿತು.

ಮರುದಿನ ಬಡಗಿ ಬಂದಾಗ ಕೆಂಚವ್ವ ಅವನಿಗೆ ಮಜ್ಜಿಗೆ ಕೊಟ್ಟು ಹಿಂದಕ್ಕೆ ಕಳಿಸಿದಳಂತೆ. ಸಂಕವ್ವ ಹಣೆ ಚಚ್ಚಿಕೊಂಡಳು. ನಿನ್ನ ಬಾಗಿಲಿಗೆ ಮುಳ್ಳು ಬಿದ್ದರೆ ನಾನು ಬೇಲಿ ಹಾರಿ ಬಂದು ಬಾಣಂತನ ಮಾಡಬೇಕೇನು ಅಂತ ಬೈದಳು. ಕೆಂಚವ್ವ ಮಜ್ಜಿಗೆಯ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ನಡೆದದ್ದು ಹೇಳಿದರೆ ನಂಬುವ ಮಾತಾಗಿರಲಿಲ್ಲ.

ಹೊನ್ನವ್ವ ಬಂಡಿಯಲ್ಲಿ ಬಂದಿಳಿದಳು. ಅವಳ ಹಿಂದೆಯೇ ಬೆತ್ತದಯ್ಯನೂ ಬಂದ. ಮನೆ ಮನೆಗೆ ಹೋಗಿ ಬೆತ್ತದಿಂದ ಕಂಬ ಮುಟ್ಟಿ ಎಣಿಸಿದ. ಎಣಿಸುತ್ತ ಹೋದ ಹಾಗೆ ಅವನ ಮುಖ ಸಣ್ಣದಾಯಿತು. ಹೋದ ವರ್ಷ ಐದಂಕಣ ಅಂತ ಹೇಳಿಕೊಂಡು ಹೆಣ್ಣು ತಂದವರೆಲ್ಲ ಈ ವರ್ಷ ನಾಲ್ಕಂಕಣದವರಾಗಿದ್ದರು. ಬೀದಿಯಲ್ಲಿ ಮಲಗಿದ ಕಂಬಗಳನ್ನು ನೋಡಿದರೂ ಅವನಿಗೆ ಏನೂ ಅನ್ನುವ ಹಾಗಿರಲಿಲ್ಲ, ಕಾನೂನು ಅವನದೇ. ಕೆಂಚವ್ವನ ಮನೆಯೊಂದೇ ಪೂರ್ತಿ ಇದ್ದದ್ದು. ನಾಲ್ಕಂಕಣ, ನಾಲ್ಕು ಮೊರ. ಅವಳು ಮೂರು ಮೊರ ಸುರಿದು, ಇನ್ನೊಂದು ಬಾಣಂತಿಯದು, ಅದನ್ನು ಕೊಡಲಾರೆ ಅಂದಳು. ಬೆತ್ತದಯ್ಯ ಹೊನ್ನವ್ವನ ಹೊಟ್ಟೆ ನೋಡಿದ, ಕಂಬ ನೋಡಿದ, ತಲೆ ಕೆರೆದುಕೊಂಡ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ತಾಯಿ, ನಾಳೆ ಮುಳ್ಳು ಬರುತ್ತದೆ ಅಂತ ಹೇಳಿ ಹೋದನಂತೆ. ಸಂಜೆಗೆಲ್ಲ ಆಳುಗಳು ಜಾಲಿಯ ಕಂಟಿ ಕಡಿದು ತಂದು ಅವಳ ಜಗಲಿಯ ಪಕ್ಕ ಒಟ್ಟಿದರು.

ಮರುದಿನ ನಸುಕು. ಕೆಂಚವ್ವ ಎದ್ದು ಅಂಗಳಕ್ಕೆ ಸಗಣಿ ನೀರು ಚಿಮುಕಿಸುತ್ತಿದ್ದಳು. ಒದ್ದೆ ನೆಲದ ಮೇಲೆ ಗುರುತುಗಳು ಕಂಡವು. ಮನುಷ್ಯರ ಹೆಜ್ಜೆಯಲ್ಲ, ದನದ ಗೊರಸಲ್ಲ. ಒಂದು ಚೌಕ, ಒಂದು ದುಂಡು, ಮತ್ತೊಂದು ಎಂಟು ಮೂಲೆಯದು. ತಲೆಯೆತ್ತಿ ನೋಡಿದರೆ ಬೀದಿಯಲ್ಲಿ ಒಂದು ಕಂಬವೂ ಇಲ್ಲ. ಇಲ್ಲ, ಒಂದಿತ್ತು. ಬೀದಿಯ ಕೊನೆಯಲ್ಲಿ ಸಂಕವ್ವನ ಮನೆಯ ಹಿರಿಗಂಬ ನೆಟ್ಟಗೆ ನಿಂತು, ಮೊಣಕಾಲು ನೋಯುವ ಮುದುಕನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ, ಊರು ಬಿಟ್ಟು ಹೋಗುತ್ತಿತ್ತಂತೆ. ಕೆಂಚವ್ವ ಸಗಣಿ ಕೈಯಲ್ಲೇ ಸೆರಗು ಎಳೆದು ತಲೆಗೆ ಹೊದ್ದಳು. ಅದು ಮರೆಯಾಗುವವರೆಗೂ ತಲೆ ಎತ್ತಲಿಲ್ಲ.

ಹೊತ್ತು ಹುಟ್ಟುವಾಗ ಊರೆಲ್ಲ ಆ ಹೆಜ್ಜೆ ಹಿಡಿದು ಓಡಿತು. ಕೆರೆಯ ಏರಿಯ ಆಚೆ, ಅರಮನೆಗೂ ಊರಿಗೂ ನಡುವಿನ ಬಯಲಿನಲ್ಲಿ ಕಂಬಗಳೆಲ್ಲ ಸಾಲಾಗಿ ನಿಂತಿದ್ದವು. ಯಾರೋ ಗುಂಡಿ ತೋಡಿ ನೆಟ್ಟ ಹಾಗಲ್ಲ, ತಾವಾಗಿಯೇ ಜಾಗ ನೋಡಿಕೊಂಡು ನಿಂತ ಹಾಗೆ. ಮೇಲೆ ಬರೀ ಆಕಾಶ. ಆದರೆ ಕಂಬಗಳ ನಡುವೆ ನೆರಳಿತ್ತು. ಸೂರ್ಯ ಏರಿದರೂ ಆ ನೆರಳು ಕದಲಲಿಲ್ಲ. ಒಂದು ಹಿಂಡು ಗಿಣಿ ಹಾರಿ ಬಂದು, ಕಂಬಗಳ ತಲೆಯ ಮಟ್ಟದಲ್ಲಿ, ಏನೂ ಇಲ್ಲದ ಕಡೆ ಸಾಲಾಗಿ ಕುಳಿತವಂತೆ. ಕಣ್ಣಿಗೆ ಕಾಣದ ಒಂದು ಮಾಳಿಗೆಯ ಅಂಚಿನ ಮೇಲೆ ಕುಳಿತ ಹಾಗೆ. ಈರಭದ್ರಪ್ಪ ಕೂಡ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡನಂತೆ.

ರಾಜ ಬಂದ. ಇದು ಯಾರ ಮನೆ ಅಂತ ಕೇಳಿದ. ಯಾರೂ ನಮ್ಮದು ಅನ್ನಲಿಲ್ಲ. ಎಷ್ಟಂಕಣ ಅಂತ ಕೇಳಿದ. ಬೆತ್ತದಯ್ಯ ಒಳಗೆ ಹೋದ. ಒಂದೊಂದೇ ಕಂಬ ಮುಟ್ಟುತ್ತ ಎಣಿಸಿದ. ಮುಟ್ಟಿದ ಕಂಬ ಮನುಷ್ಯರ ಮೈಯ ಹಾಗೆ ಬೆಚ್ಚಗಿತ್ತು. ಒಂದು ಸಲ ಎಣಿಸಿದ, ಮತ್ತೊಂದು ಸಲ ಎಣಿಸಿದ, ಬೆತ್ತವನ್ನು ಹೊರಗೆ ಇಟ್ಟು ಬರೀ ಕೈಯಲ್ಲಿ ಎಣಿಸಿದ. ಹೊರಗೆ ಬಂದಾಗ ಅವನ ಧ್ವನಿ ಇಳಿದಿತ್ತು. ಎಷ್ಟು ಎಣಿಸಿದರೂ ಒಂದು ಕಡಿಮೆ ಬರುತ್ತದೆ ಮಹಾಸ್ವಾಮಿ, ನಟ್ಟನಡುವೆ ಒಂದು ಕಂಬದ ಜಾಗ ಖಾಲಿ ಇದೆ ಅಂದನಂತೆ.

ಆ ಹೊತ್ತಿಗೆ ಮೂಡಲಿಂದ ಮೋಡ ಎದ್ದಿತು. ಆ ವರ್ಷದ ಮೊದಲ ಮಳೆ. ಹನಿ ಬಿದ್ದ ಕೂಡಲೇ ಜನಕ್ಕೆ ತಮ್ಮ ತಮ್ಮ ಮಾಳಿಗೆ ನೆನಪಾಯಿತು. ಎದ್ದೆವೋ ಬಿದ್ದೆವೋ ಅಂತ ಊರಿಗೆ ಓಡಿದರು. ಒಣಗಿ ಬಂಡೆಯಾಗಿದ್ದ ಮಣ್ಣು ನೀರು ಕುಡಿದು ಕುಡಿದು ಭಾರವಾಗುತ್ತಿತ್ತು. ತೊಲೆಗಳು ನರಳಿದವು. ನಡುಮನೆಯ ಮಾಳಿಗೆ ಎಮ್ಮೆಯ ಹೊಟ್ಟೆಯ ಹಾಗೆ ಜೋತುಬಿತ್ತು. ದೊಡ್ಡ ಮನೆಯ ಪಡಸಾಲೆಯಲ್ಲಿ ಒಂದು ಜಂತೆ ಮುರಿದು ಬಿತ್ತು. ಮಕ್ಕಳನ್ನೂ ಮುದುಕರನ್ನೂ ಎಳೆದುಕೊಂಡು ಊರಿಗೆ ಊರೇ ಹೊರಗೆ ಬಂತು. ಎಲ್ಲಿಗೆ ಹೋಗುವುದು? ಬಯಲಿನ ಆ ಕಂಬಗಳ ನೆರಳಿಗೇ ಹೋದರು. ಅಲ್ಲಿ ಒಂದು ಹನಿಯೂ ಬೀಳುತ್ತಿರಲಿಲ್ಲ. ಮಳೆ ಮೇಲೆಯೇ ನಿಂತು, ಸುತ್ತ ನಾಲ್ಕೂ ಕಡೆ ಸೂರಿನಿಂದ ಇಳಿಯುವ ಹಾಗೆ ಧಾರೆಯಾಗಿ ಇಳಿಯುತ್ತಿತ್ತು. ನಟ್ಟನಡುವೆ ಮಾತ್ರ, ಆ ಖಾಲಿ ಜಾಗದಲ್ಲಿ, ಮಳೆ ಒಂದು ಕಂಬದಷ್ಟು ದಪ್ಪಕ್ಕೆ ನೆಲದವರೆಗೂ ಸುರಿಯುತ್ತಿತ್ತಂತೆ.

ಗಂಡಸರು ಕಂಬಗಳಿಗೆ ಹಗ್ಗ ಬಿಗಿದು ಎಳೆದರು. ಎತ್ತು ಕಟ್ಟಿ ಎಳೆದರು. ಅರಮನೆಯ ಆನೆ ತಂದು ಎಳೆಸಿದರು. ಹಗ್ಗ ಹರಿಯಿತು, ಕಂಬ ಕದಲಲಿಲ್ಲ. ಆಗ ಬೆತ್ತದಯ್ಯನಿಗೆ ನೆನಪಾಯಿತು. ಊರಲ್ಲಿ ಒಂದು ಮನೆಯ ಹಿರಿಗಂಬ ಮಾತ್ರ ಬೀದಿಗೆ ಬಂದಿರಲಿಲ್ಲ. ಆ ಮನೆಯವಳನ್ನು ಕರೆತರಲು ರಾಜ ಆಳು ಕಳಿಸಿದ.

ಇತ್ತ ಕೆಂಚವ್ವನ ಮನೆಯಲ್ಲಿ ಹೊನ್ನವ್ವನಿಗೆ ಬೇನೆ ಶುರುವಾಗಿತ್ತು. ಸಂಕವ್ವ ತನ್ನ ಮನೆಯ ಮಾಳಿಗೆಗೆ ಹೆದರಿ ಇಲ್ಲಿಗೇ ಓಡಿ ಬಂದಿದ್ದಳು. ಬಂದವಳು ಹಿರಿಗಂಬದ ಮುಂದೆ ನಿಂತು, ಯಾರೂ ಹೇಳದೆ, ತಲೆಗೆ ಸೆರಗು ಹೊದ್ದಳಂತೆ. ಆಳು ಬಂದು ಕರೆದಾಗ ಕೆಂಚವ್ವನಿಗೆ ಕಾಲೇ ಬರಲಿಲ್ಲ. ಇನ್ನೂ ಹೊತ್ತಿದೆ, ಹೋಗಿ ಬಾ, ನಿನ್ನ ಮಗಳು ನನ್ನ ಮಗಳಲ್ಲವೇನು ಅಂತ ಸಂಕವ್ವ ಅವಳನ್ನು ತಳ್ಳಿ ಕಳಿಸಿದಳು. ಹೊರಗೆ ಮಳೆ. ಜಗಲಿಯ ಪಕ್ಕ ಮುಳ್ಳುಕಂಟಿ ನೆನೆಯುತ್ತಿತ್ತು.

ಕೆಂಚವ್ವ ಆ ಕಂಬಗಳ ನಡುವೆ ಕಾಲಿಟ್ಟದ್ದೇ ತಡ, ನೆತ್ತಿಯ ಮೇಲಿದ್ದದ್ದು ಏನು ಅಂತ ಅವಳಿಗೆ ಗೊತ್ತಾಗಿಹೋಯಿತು. ಒಂದು ಉಸಿರಿನಷ್ಟು ಹೊತ್ತು ಅದನ್ನು ಹೊತ್ತವಳಲ್ಲವೇ? ಮನೆಯ ತೊಲೆಗಳು ತಪ್ಪಿಹೋದರೂ ಈ ಹಿರಿಯರು ಇನ್ನೊಂದು ಭಾರವನ್ನು ಮಾತ್ರ ಇಳಿಸಿರಲಿಲ್ಲ. ಬಯಲಿಗೆ ಬಂದು ಅದನ್ನು ಹೊತ್ತು ನಿಂತಿದ್ದರು. ಅವಳು ಕಂಬದಿಂದ ಕಂಬಕ್ಕೆ ತಲೆ ಬಾಗುತ್ತ ರಾಜನವರೆಗೂ ಬಂದಳು. ತನ್ನ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಮಗಳು ಬೇನೆ ತಿನ್ನುತ್ತಿದ್ದಾಳೆ, ಬೇಗ ಕಳಿಸಿ ಅಂತಲೂ ಹೇಳಿದಳು.

ರಾಜ ಆ ಸುರಿಯುವ ಮಳೆಯ ಕಡೆ ಕೈ ತೋರಿಸಿದ.

"ಈ ಖಾಲಿ ಬಿಟ್ಟದ್ದು ಯಾರ ಜಾಗ, ತಾಯಿ?"

ಕೆಂಚವ್ವ ನೆಲ ನೋಡಿಕೊಂಡು ಹೇಳಿದಳು.

"ನಮಗೆ ತಿಳೀದು ಬುದ್ಧಿ. ಊರಿನ ಮನೆ ಎಲ್ಲ ಎಣಿಸಿದರು. ಅರಮನೆ ಎಣಿಸಿದ್ದು ಮಾತ್ರ ನಾವು ಕೇಳಿಲ್ಲ."

ಬೆತ್ತದಯ್ಯ ಉಸಿರು ಹಿಡಿದ. ರಾಜ ಬಹಳ ಹೊತ್ತು ಆ ನೀರಿನ ಕಂಬವನ್ನೇ ನೋಡಿದ. ನೋಡಿ, ತಲೆಯ ಪಾಗು ತೆಗೆದು ಬೆತ್ತದಯ್ಯನ ಕೈಗೆ ಕೊಟ್ಟು, ಆ ಜಾಗಕ್ಕೆ ಹೋಗಿ ನಿಂತನಂತೆ.

ಮಳೆ ನಿಂತಿತು. ಹೊರಗಲ್ಲ, ಆ ಜಾಗದಲ್ಲಿ. ನೀರಿನ ಕಂಬ ಇದ್ದ ಕಡೆ ರಾಜ ಇದ್ದ. ಅವನ ಕುತ್ತಿಗೆಯ ನರ ಉಬ್ಬಿತು, ಬೆನ್ನು ಬಾಗಿತು, ಮೊಣಕಾಲು ಮಣ್ಣಿಗೆ ತಾಗುವಷ್ಟು ಬಗ್ಗಿ ಮತ್ತೆ ಎದ್ದಿತು. ಕಣ್ಣಲ್ಲಿ ನೀರು ಬಂತು. ರಾಜನ ಬಾಯಿಂದ ಕೊನೆಗೆ ಬಂದದ್ದು ಇಷ್ಟೇ.

"ಇಷ್ಟನ್ನ ನೀವು ಹೊತ್ತಿದ್ದಿರಾ?"

ಊರವರಿಗೂ ಆವತ್ತಿನವರೆಗೆ ಅದು ಗೊತ್ತಿರಲಿಲ್ಲ.

ಇವರು ಮನೆಗೆ ಹಿಂತಿರುಗುವುದು ಹೇಗೆ ಅಂತ ರಾಜ ನಿಂತ ಕಡೆಯಿಂದಲೇ ಕೇಳಿದ. ಕೆಂಚವ್ವನಿಗೆ ನಗು ಬಂತಂತೆ. ಹಗ್ಗ ಕಟ್ಟಿ ಎಳೆದರೆ ಯಾವ ಮನೆಯ ಹಿರಿಯ ಬರುತ್ತಾನೆ ಬುದ್ಧಿ, ಕಾಲಿಗೆ ನೀರು ಕೊಟ್ಟು ಕರೆಯಬೇಕು ಅಂದಳು. ಊರಿನ ಸೊಸೆಯರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬಳು ಬೊಗಸೆ ತುಂಬ ಮಳೆನೀರು ಹಿಡಿದು, ಸೆರಗು ಹೊದ್ದು, ತನ್ನ ಮನೆಯ ಕಂಬದ ಮುಂದೆ ಬಗ್ಗಿ ಬುಡಕ್ಕೆ ಎರೆದಳು.

"ತಪ್ಪಾಯಿತು ಮಾವಯ್ಯ. ಮನೆಗೆ ಬನ್ನಿ."

ಕಂಬ ಅಲುಗಿತು. ಒಂದು ಹೆಜ್ಜೆ ಇಟ್ಟಿತು. ಅವಳ ಹಿಂದೆ ಹಿಂದೆ ಮಳೆಯಲ್ಲಿ ಊರಿನ ಕಡೆ ನಡೆಯಿತು. ಅದನ್ನು ನೋಡಿ ಇನ್ನೊಬ್ಬಳು ಎರೆದಳು, ಮತ್ತೊಬ್ಬಳು ಎರೆದಳು. ದೊಡ್ಡ ಮನೆಯ ಕಂಬಗಳು ಮಾತ್ರ ಈರಭದ್ರಪ್ಪನ ಹೆಂಡತಿ ಕರೆದರೂ ಬರಲಿಲ್ಲ. ಅವಳು ಗಂಡನ ಕಡೆ ತಿರುಗಿ, ಹೊರಗೆ ಹಾಕಿದವರು ನೀವು, ನೀವೇ ಕರೀರಿ ಅಂದಳಂತೆ. ಈರಭದ್ರಪ್ಪ ತಲೆಗೆ ಸೆರಗಿಲ್ಲ ಅಂತ ರುಮಾಲನ್ನೇ ಹೊದ್ದು, ಒಂದು ಸಾಲು ಕಂಬಕ್ಕೂ ಒಂದೊಂದಾಗಿ ಬಗ್ಗಿ ನೀರು ಎರೆದ. ಅವನು ಕೊನೆಯದಕ್ಕೆ ಎರೆಯುವ ಹೊತ್ತಿಗೆ ಸೊಂಟ ಹಿಡಿದು, ಆ ಕಂಬದ ಮೇಲೆಯೇ ಒರಗಿಕೊಂಡು ಮನೆ ಸೇರಿದ ಅನ್ನುತ್ತಾರೆ.

ಕೆಂಚವ್ವ ಇದನ್ನೆಲ್ಲ ನೋಡಲು ನಿಲ್ಲಲಿಲ್ಲ. ಕೆರೆಯ ಏರಿಯ ಮೇಲೆ ಓಡುತ್ತಿದ್ದಳು. ನಡೆಯುವ ಕಂಬಗಳ ಸಾಲನ್ನು ದಾಟಿ, ಪ್ರತಿ ಕಂಬಕ್ಕೂ ತಲೆ ಬಾಗುತ್ತ ಓಡಿದಳು. ತನ್ನ ಮನೆಯ ಹೊಸ್ತಿಲು ತುಳಿದಾಗ ಒಳಗಿನಿಂದ ಮಗುವಿನ ಅಳು ಕೇಳಿತು. ಸಂಕವ್ವ ಕೈತುಂಬ ಕೂಸು ಹಿಡಿದು ಹೊರಗೆ ಬಂದಳು. ಹೆಣ್ಣುಮಗು, ನಿನ್ನ ಹಾಗೇ ಮೊಂಡು ಮೂಗು ಅಂದಳಂತೆ.

ಮಗುವನ್ನು ಹಿರಿಗಂಬದ ಬುಡದಲ್ಲಿ ಮಲಗಿಸಿದರು. ಆಮೇಲೆ ಸಂಕವ್ವ ತಂಬಿಗೆ ಹಿಡಿದು ತನ್ನ ಮಾವಯ್ಯನನ್ನು ಕರೆಯಲು ಬಯಲಿಗೆ ಓಡಿದಳು. ಮಾಳಿಗೆಯ ಮೇಲೆ ಮಳೆ ಧೋ ಅಂತ ಸುರಿಯುತ್ತಿತ್ತು. ಒಳಗೆ ಒಂದು ಹನಿಯೂ ಇಲ್ಲ. ಕೆಂಚವ್ವ ಕಂಬಕ್ಕೆ ಕೈಯಿಟ್ಟಳು. ಅದು ಏನೂ ಹೇಳಲಿಲ್ಲ. ಹೇಳುವುದನ್ನು ಹೇಳಿ ಮುಗಿಸಿತ್ತು.

ಅತ್ತ ಬಯಲಿನಲ್ಲಿ ಒಂದೊಂದು ಕಂಬ ತನ್ನ ಮನೆ ಸೇರಿ ತನ್ನ ತೊಲೆಗೆ ಹೆಗಲು ಕೊಟ್ಟ ಹಾಗೆ ರಾಜನ ತಲೆಯ ಭಾರ ಇಳಿಯುತ್ತ ಬಂತಂತೆ. ಭಾರ ಎಲ್ಲಿಗೂ ಹೋಗಲಿಲ್ಲ, ಹಂಚಿಕೊಂಡಿತು. ಕೊನೆಯ ಕಂಬವೂ ಹೋಯಿತು. ಬಯಲಿನ ನಡುವೆ ರಾಜ ಒಬ್ಬನೇ ಉಳಿದ. ಆಗ ಎಲ್ಲರ ಮೇಲೆ ಬೀಳುವ ಮಳೆ ಅವನ ಮೇಲೂ ಬಿತ್ತು. ಅವನು ಬೇಗ ಹೊರಡಲಿಲ್ಲ. ಬರಿಯ ತಲೆಯಲ್ಲಿ ನೆನೆಯುತ್ತ, ಮಳೆ ಹೊಳವಾಗುವವರೆಗೂ ಅಲ್ಲೇ ನಿಂತಿದ್ದ. ತನ್ನ ಪಾಲು ಎಷ್ಟು ಅಂತ ತಲೆಯಲ್ಲೇ ತೂಗಿ ನೋಡಿಕೊಳ್ಳುತ್ತಿದ್ದ ಅಂತ ಹೇಳುವವರಿದ್ದಾರೆ.

ಆ ವರ್ಷದಿಂದ ಪದ್ಧತಿ ಹೀಗಾಯಿತು. ಅಂಕಣಕ್ಕೊಂದು ಮೊರ ಉಳಿಯಿತು, ಅದು ನ್ಯಾಯದ್ದೇ ಆಗಿತ್ತು. ಆದರೆ ಎಣಿಕೆ ಅರಮನೆಯಿಂದ ಶುರುವಾಗಬೇಕು, ಮೊದಲ ಮೊರ ರಾಜನೇ ಸುರಿಯಬೇಕು. ಸುರಿದ ಕಾಳು ಏರಿಗೆಷ್ಟು, ದಾರಿಗೆಷ್ಟು, ಕಾವಲಿಗೆಷ್ಟು ಅಂತ ಊರ ಮುಂದೆ ನಿಂತು ಹೇಳಬೇಕು. ಎಣಿಸುವವನು ಬೆತ್ತ ಹೊರಗಿಟ್ಟು, ಹಿರಿಗಂಬಕ್ಕೆ ಹಣೆ ಮುಟ್ಟಿಸಿ ಆಮೇಲೆ ಎಣಿಸಬೇಕು. ಬಾಣಂತಿ ಮಲಗಿದ ಮನೆಗೆ ಆ ವರ್ಷ ಎಣಿಸುವವನು ಹೋಗಲೇಬಾರದು, ಆ ಮನೆಯ ಮೊರವನ್ನು ಅರಮನೆಯೇ ಕೊಡಬೇಕು. ಕೆಂಚವ್ವ ಕೊಟ್ಟಿದ್ದ ಮೂರು ಮೊರ ನವಣೆಯನ್ನು ಬೆತ್ತದಯ್ಯ ತಾನೇ ತಲೆಯ ಮೇಲೆ ಹೊತ್ತು ಹಿಂದಕ್ಕೆ ತಂದು ಕೊಟ್ಟನಂತೆ. ಅವಳ ಬಾಗಿಲಿಗೆ ಅಂತ ಕಡಿದಿದ್ದ ಜಾಲಿಯ ಮುಳ್ಳನ್ನು ಸಂಕವ್ವ ಎಳೆದುಕೊಂಡು ಹೋಗಿ ಅವಳದೇ ಹಿತ್ತಿಲಿನ ಬೇಲಿಗೆ ಹೆಣೆದಳು. ಎಮ್ಮೆಯ ಕರು ಹೊರಗೆ ಓಡುವುದು ತಪ್ಪಿತು.

ಆ ಬಯಲಿನಲ್ಲಿ ಇವತ್ತಿಗೂ ಯಾರೂ ಮನೆ ಕಟ್ಟುವುದಿಲ್ಲವಂತೆ. ಸಂಜೆಯ ಹೊತ್ತು ಏರಿಯ ಮೇಲೆ ನಿಂತರೆ, ಗಿಣಿಗಳ ಹಿಂಡು ಹಾರಿ ಬಂದು, ಮರವಿಲ್ಲದ, ಮನೆಯಿಲ್ಲದ ಬರೀ ಗಾಳಿಯಲ್ಲಿ ಸಾಲಾಗಿ ಇಳಿದು ಕೂರುವುದು ಕಾಣುತ್ತದಂತೆ. ಕಂಡವರು ಕೈ ಮುಗಿದು, ಸುಮ್ಮನೆ ಮನೆಗೆ ಹೋಗುತ್ತಾರಂತೆ.

ಅವರ ಮಾಳಿಗೆ ಅವರ ಕಂಬದ ಮೇಲೆ ನಿಂತಿತು, ನಮ್ಮ ಮಾಳಿಗೆ ನಮ್ಮ ಕಂಬದ ಮೇಲೆ ನಿಂತಿದೆ. ಹೊತ್ತು ತಂದ ಕಥೆ ಇಲ್ಲಿ ಇಳಿಯಿತು.